ತುಂಬಿದ ಉಡಿ

ಹೋದ ವಾರ ಸೇಡಂನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಹೊರಟಾಗ ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತಿದ್ದ ಹುಡುಗಿಯೊಬ್ಬಳು ನನ್ನ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟು ನಕ್ಕಳು. ಬಸ್ಸಿನಲ್ಲಿ ಕೂತು ಬಿಚ್ಚಿ ನೋಡಿದರೆ ಒಂದು ಹಿಡಿ ಗೋಧಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಎರಡು ಉತ್ತತ್ತಿ, ಪಿನ್ನು ಹಚ್ಚಿದ ಕುಬಸದ ಕಣ. ಉಡಿ ತುಂಬುವ ಸಾಮಾನೆಲ್ಲ ಅದರಲ್ಲಿತ್ತು, ತುಂಬುವವಳು ಮಾತ್ರ ಇರಲಿಲ್ಲ. ಗಂಡ ಇದ್ದಾನೋ ಇಲ್ಲವೋ ಎಂದು ಆ ಹುಡುಗಿ ನನ್ನ ಹಣೆ ನೋಡಲಿಲ್ಲ, ಕೈ ನೋಡಲಿಲ್ಲ. ಬಂದವರಿಗೆಲ್ಲ ಒಂದೊಂದು. ನಮ್ಮವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಹೀಗೆ ಒಂದು ಸಲ ಉಡಿ ತುಂಬಿಸಿಕೊಂಡೆ, ಅದೂ ಪಿನ್ನು ಹಚ್ಚಿದ್ದು. ಒಳ್ಳೆಯ ಕಾಲವೇ ಬಂತು ಅಂದುಕೊಂಡೆ. ಆದರೆ ಬಸ್ಸಿನ ಸೆಕೆಗೆ ಕೊಬ್ಬರಿಯ ವಾಸನೆ ಏಳತೊಡಗಿತು ನೋಡಿ, ಆಗ ಮನಸ್ಸು ಕೆಟ್ಟಿತು. ಹಳೆಯ ಗೋಧಿಯ ಜೊತೆ ಬಹಳ ದಿನ ಇದ್ದ ಕೊಬ್ಬರಿಗೆ ಒಂದು ಮುಗ್ಗಲು ಸಿಹಿ ವಾಸನೆ ಇರುತ್ತದೆ. ಅತ್ತೆಯ ಮನೆಯ ಒಳಕೋಣೆಯ ವಾಸನೆ ಅದೇ.

ನೀವು ನಮ್ಮ ಕಡೆಯವರಲ್ಲದಿದ್ದರೆ ಉಡಿ ಅಂದರೇನು ಎಂದು ಹೇಳಬೇಕಾದೀತು. ಸೆರಗನ್ನು ಮುಂದೆ ತಂದು ಎರಡೂ ಕೈಯಿಂದ ಅದರ ತುದಿ ಹಿಡಿದರೆ ಹೊಟ್ಟೆಯ ಮುಂದೆ ಒಂದು ಜೋಳಿಗೆಯಾಗುತ್ತದಲ್ಲ, ಅದೇ ಉಡಿ. ಮುತ್ತೈದೆ ಮನೆಗೆ ಬಂದು ಹೊರಟಾಗ, ಮಗಳು ತವರಿನಿಂದ ಗಂಡನ ಮನೆಗೆ ನಡೆದಾಗ, ಬಸುರಿಗೆ ಸೀಮಂತದ ಕುಬಸ ಮಾಡಿದಾಗ ಮನೆಯ ಹಿರಿಯಾಕೆ ಅವಳನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಆ ಜೋಳಿಗೆಗೆ ಐದು ಬೊಗಸೆ ಗೋಧಿಯನ್ನೋ ಅಕ್ಕಿಯನ್ನೋ ಸುರಿದು, ಮೇಲೆ ಕೊಬ್ಬರಿ, ಎಲೆ, ಅಡಿಕೆ, ಕುಬಸದ ಕಣ, ಎಂದರೆ ರವಿಕೆಯ ತುಂಡು, ಇಡುತ್ತಾಳೆ. ಒಂದು ಕಾಳೂ ಕೆಳಗೆ ಬೀಳಬಾರದು. ಗಂಡ ಸತ್ತವಳಿಗೆ ತುಂಬುವುದಿಲ್ಲ. ನಾವು ಬಸವಣ್ಣನ ಒಕ್ಕಲು, ಹೆಣ್ಣು ಗಂಡು ಒಂದೇ ಎಂದು ದಿನಾ ಹೇಳಿಕೊಳ್ಳುವವರು. ಉಡಿಯ ಮುಂದೆ ಬಂದಾಗ ಮಾತ್ರ ಆ ಮಾತನ್ನು ಹೊಸ್ತಿಲ ಹೊರಗೆ ಬಿಟ್ಟು ಬರುತ್ತಿದ್ದೆವು. ಸಾಲಾಗಿ ಕೂತ ಹೆಂಗಸರಲ್ಲಿ ಹಿರಿಯಾಕೆ ಯಾರನ್ನು ದಾಟಿ ಮುಂದೆ ಹೋದಳೋ ಅವಳ ಗಂಡ ಇಲ್ಲ ಎಂದು ಊರಿಗೆಲ್ಲ ತಿಳಿದ ಹಾಗೆಯೇ. ಡಂಗುರ ಬೇಕಿರಲಿಲ್ಲ.

ಗದ್ದಲ ತಣ್ಣಗಾದ ಮರುವರ್ಷ ನನ್ನ ಮದುವೆಯಾಯಿತು. ಗದ್ದಲ ಅಂದರೆ ನಮ್ಮ ಕಡೆ ಒಂದೇ, ನಿಜಾಮಶಾಹಿ ಮುಗಿದ ಆ ವರ್ಷದ್ದು. ಚಿಂಚೋಳಿ ಸೀಮೆಯ ಕೊಡ್ಲಿ ನನ್ನ ತವರು. ಕೊಟ್ಟದ್ದು ಚಿತ್ತಾಪುರದ ಕಡೆ, ಕಾಗಿಣಾ ಹೊಳೆಯ ದಂಡೆಯ ಒಂದು ಊರಿಗೆ. ನನಗೆ ಹದಿನಾರು. ಮಾವನವರು ಹೊಲದ ಗುಡಿಸಲು ಬಿಟ್ಟು ಬರುವವರಲ್ಲ, ಮನೆಯ ಮಾತೆಲ್ಲ ಅತ್ತೆಯದೇ. ನಮ್ಮವರು ಮಾಸ್ತರರು, ಹಾಗಾಗಿ ಅಕ್ಷರ ಕಲಿಸಿದವರು ಅವರು. ಮಾತು ಕಲಿಸಿದವಳು ಅತ್ತೆ. ಮಾಸ್ತರರು ಕಲಿಸಿದ್ದರಲ್ಲಿ ಅರ್ಧ ಮರೆತಿದ್ದೇನೆ, ಅತ್ತೆ ಕಲಿಸಿದ್ದರಲ್ಲಿ ಒಂದೂ ಮರೆತಿಲ್ಲ. ಮರೆತಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದುಂಟು.

ಅತ್ತೆಯ ಬಾಯಲ್ಲಿ ಹಗಲಿಡೀ ತಿರುಗುತ್ತಿದ್ದ ಮಾತು ‘ತುಂಬು’. ಹೊಸ ಸೊಸೆ ಸೇರನ್ನು ಒದ್ದು ಒಳಗೆ ಬಂದರೆ ಮನೆ ತುಂಬಿದಳು. ಎಂಟು ದಾಟಿದ ಬಸುರಿ ದಿನ ತುಂಬಿದವಳು. ಹಾಸಿಗೆ ಹಿಡಿದ ಮುದುಕನ ಉಸಿರು ನಿಂತರೆ ಅವನದೂ ದಿನ ತುಂಬಿತು. ಬರುವವನಿಗೂ ಹೋಗುವವನಿಗೂ ಒಂದೇ ಮಾತು, ಎರಡು ಮಾತು ಯಾಕೆ ಸವೆಸಬೇಕು ಅನ್ನುವಂತೆ. ಮೈ ತುಂಬ ಸೆರಗು ಹೊದೆಯಬೇಕು, ಕೈ ತುಂಬ ಬಳೆ ಇಡಬೇಕು, ಬಂದವರನ್ನು ಬಾಯಿ ತುಂಬ ಮಾತಾಡಿಸಬೇಕು. ಕಾಗಿಣಾ ತುಂಬಿ ಬಂದರೆ ಹೊಳೆಗೂ ಉಡಿ ತುಂಬಿ ಬರುತ್ತಿದ್ದೆವು, ಸಾಕು ಇಳಿಯವ್ವ ಎಂದು. ಕೊಡ, ಕಣಜ, ತೊಟ್ಟಿಲು, ಹಣೆ, ಯಾವುದೂ ಬರಿದಾಗಿ ಕಾಣಬಾರದು ಅವಳ ಕಣ್ಣಿಗೆ. ನೀರಿಗೆ ಹೊರಟವರ ಕೈಯಲ್ಲಿ ಬರಿಗೊಡ ಕಂಡರೆ ಅದರಲ್ಲಿ ಒಂದು ಚಂಬು ನೀರು ಹಾಕಿ ಕಳಿಸುವಳು. ನೀರು ತರಲು ನೀರು ಹೊತ್ತು ಹೋಗುವ ಮನೆ ನಮ್ಮದು ಎಂದು ನಮ್ಮವರು ನಗುತ್ತಿದ್ದರು.

ಈ ಮಾತಿನಿಂದ ನಾನು ಮೊದಲ ತಿಂಗಳೇ ಪಜೀತಿ ಪಟ್ಟೆ. ನಮ್ಮ ತವರಿನಲ್ಲಿ ತೆಲುಗು ಮಾತಾಡುವವರು ಪಕ್ಕದ ಓಣಿಯಲ್ಲೇ ಇದ್ದರು. ಅವರ ಹೆಂಗಸರು ಅಕ್ಕಿ ತೀರಿತು ಎಂದು ಬಾಯಿಂದ ಅನ್ನುವುದಿಲ್ಲ, ಅಶುಭ. ತುಂಬಿಕೊಂಡಿತು ಅನ್ನುತ್ತಾರೆ. ಆ ರೂಢಿ ನಮ್ಮವ್ವನಿಗೆ ಅಂಟಿ, ಅವಳಿಂದ ನನಗೆ ಅಂಟಿತ್ತು. ಅತ್ತೆ ಒಂದು ದಿನ ಜೋಳದ ಹಿಟ್ಟು ಎಷ್ಟಿದೆ ನೋಡು ಅಂದಳು. ಡಬ್ಬಿಯ ತಳ ಕಾಣುತ್ತಿತ್ತು. ನಾನು ಶಾಣ್ಯಾ ಸೊಸೆಯಂತೆ, ತುಂಬಿದೆ ಎಂದು ಕೂಗಿ ಹೇಳಿದೆ. ಅತ್ತೆ ಹಿಗ್ಗಿ, ಮಠಕ್ಕೆ ಬಂದಿದ್ದ ನಾಲ್ಕು ಮಂದಿಯನ್ನು ಊಟಕ್ಕೆ ಕರೆದುಬಿಟ್ಟಳು. ನಾನು ಒಲೆಯ ಮುಂದೆ ಬೆವರುತ್ತ ಕೂತೆ. ಆಗ ಹಿತ್ತಿಲ ಬಾಗಿಲಿಂದ ಹೋಗಿ ನೆರೆಮನೆಯಿಂದ ಸೆರಗಿನಲ್ಲಿ ಹಿಟ್ಟು ತಂದು, ಸದ್ದಿಲ್ಲದೆ ರೊಟ್ಟಿ ಬಡಿದು, ಅತಿಥಿಗಳಿಗೆ ಉಣಿಸಿ ಕಳಿಸಿದವಳು ನೀಲಮ್ಮಕ್ಕ. ಎಲ್ಲ ಮುಗಿದ ಮೇಲೆ ನನ್ನ ಪಕ್ಕ ಕೂತು ಕೇಳಿದಳು:

“ನಿಮ್ಮೂರಾಗ ಹಸದವರಿಗಿ ಏನಂತಾರ ತಂಗಿ? ಹೊಟ್ಟಿ ಒಡೀಲಿಕತ್ತದ ಅಂತಾರೇನು?”

ಅತ್ತೆಗೆ ಈ ಸಂಗತಿ ಕೊನೆಯವರೆಗೂ ಗೊತ್ತಾಗಲಿಲ್ಲ. ನನ್ನ ತಪ್ಪನ್ನು ನೀಲಮ್ಮಕ್ಕ ಮುಚ್ಚಿದ ರೀತಿ ಅದು.

ನೀಲಮ್ಮಕ್ಕ ಯಾರೆಂದು ಹೇಳಲಿಲ್ಲ. ನನ್ನ ನೆಗೆಣ್ಣಿ, ಮನೆಯ ಹಿರಿಯ ಸೊಸೆ. ಅತ್ತೆ ಅವಳನ್ನು ‘ದೊಡ್ಡಾಕಿ’ ಅನ್ನುವಳು, ನನ್ನನ್ನು ‘ಸಣ್ಣಾಕಿ’. ದೊಡ್ಡಾಕಿ ಅಂದರೂ ನನಗಿಂತ ಬರೀ ಮೂರು ವರ್ಷಕ್ಕೆ ದೊಡ್ಡವಳು. ಗದ್ದಲದ ದಿನಗಳಲ್ಲಿ ನಮ್ಮ ಊರುಗಳ ಗಂಡಸರು ರಜಾಕಾರರ ಕಾಟಕ್ಕೆ ಗುಂಪು ಗುಂಪಾಗಿ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿದ್ದರು. ಅವಳ ಗಂಡ, ಎಂದರೆ ನಮ್ಮ ಭಾವ, ಹೋದಾಗ ಅವಳ ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ಭಾವ ಬರಲಿಲ್ಲ. ಪುಣೆಯ ಸ್ಟೇಷನ್ನಿನಲ್ಲಿ ಕಂಡೆ ಎಂದು ಒಬ್ಬ, ಮುಂಬಯಿಯ ಗಿರಣಿಯಲ್ಲಿದ್ದಾನೆ ಎಂದು ಇನ್ನೊಬ್ಬ. ಭಾವನನ್ನು ನಾನು ನೋಡಿದವಳಲ್ಲ. ಗೋಡೆಯ ಗೂಟಕ್ಕೆ ನೇತುಹಾಕಿದ್ದ ಅವರ ರುಮಾಲನ್ನು ಮಾತ್ರ ನೋಡಿದ್ದೆ. ಅತ್ತೆ ಅದನ್ನು ವಾರಕ್ಕೊಮ್ಮೆ ಒಗೆದು ಹಾಕುವಳು, ತಲೆಗೆ ಸುತ್ತದ ರುಮಾಲು ಹೊಲಸಾಗುವುದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ.

ಅಂದಮೇಲೆ ನೀಲಮ್ಮಕ್ಕ ಮುತ್ತೈದೆಯೋ ಅಲ್ಲವೋ? ಊರಿನ ಹೆಂಗಸರಿಗೆ ಇದೇ ಯೋಚನೆ. ಯಾವುದೇ ಮನೆಯ ಕಾರ್ಯದಲ್ಲಿ ಉಡಿ ತುಂಬುವ ಹೊತ್ತು ಬಂದರೆ ಎಲ್ಲರ ಕಣ್ಣೂ ಅತ್ತೆಯ ಕಡೆ ಹೊರಳುತ್ತಿತ್ತು. ಅತ್ತೆ ಅತ್ತ ಇತ್ತ ನೋಡದೆ ಮೊದಲ ಬೊಗಸೆಯನ್ನು ನೀಲಮ್ಮಕ್ಕನ ಉಡಿಗೇ ಸುರಿಯುವಳು. ಯಾರೂ ಪಿಟ್ಟೆನ್ನುತ್ತಿರಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ನಾನು ತವರಿಗೆ ಹೋದಾಗ ಕೊಂಡಾಡಿದ್ದೇ ಕೊಂಡಾಡಿದ್ದು. ಬೇರೆ ಅತ್ತೆಯಾಗಿದ್ದರೆ ಗಂಡನನ್ನು ನುಂಗಿದವಳು ಎಂದು ಮೂಲೆಗೆ ಕೂಡಿಸುತ್ತಿದ್ದಳು, ಇವಳು ನೋಡು ಹೇಗೆ ಮುತ್ತೈದೆಯಾಗಿ ನಡೆಸಿಕೊಂಡಿದ್ದಾಳೆ ಎಂದು. ಹಾಗೆ ಬಂದ ಕುಬಸದ ಕಣಗಳು ನೀಲಮ್ಮಕ್ಕನ ಟ್ರಂಕಿನಲ್ಲಿ ಅರ್ಧಕ್ಕಿಂತ ಮೇಲೆ ಬಂದಿದ್ದವು. ಹೊಲಿಸಿಕೊ ಅಕ್ಕ ಅಂದರೆ, ಯಾರಿಗೆ ತೋರಿಸಲಿಕ್ಕೆ ಎಂದು ನಗುವಳು.

ಒಂದು ಪಂಚಮಿಗೆ ಅವಳು ತವರಿಗೆ ಹೋಗಿ ಬಂದಳು. ತವರು ಶಹಾಬಾದ. ಅಣ್ಣ ಶರಣಪ್ಪ ಅಲ್ಲಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎಬ್ಬಿಸುವವನು. ಬಂದ ಮರುದಿನ ನಸುಕಿನಲ್ಲಿ ಇಬ್ಬರೂ ಬೀಸುವ ಕಲ್ಲಿನ ಮುಂದೆ ಕೂತಾಗ ಅವಳು ಮಾತು ತೆಗೆದಳು. ಅಣ್ಣನ ಜೊತೆಯವನೊಬ್ಬನಿದ್ದಾನೆ. ಹೆಂಡತಿ ಹೆರಿಗೆಯಲ್ಲಿ ಹೋದಳು, ಒಂದು ಹೆಣ್ಣು ಕೂಸಿದೆ. ಉಡಿಕೆ ಮಾಡಿಕೊಳ್ಳಲು ಸಿದ್ಧನಿದ್ದಾನೆ. ಉಡಿಕೆ ಅಂದರೆ ಗಂಡ ಸತ್ತವಳ ಎರಡನೆಯ ಮದುವೆ, ನಮ್ಮಲ್ಲಿ ನಡೆಯುತ್ತದೆ. ಆದರೆ ಗಂಡ ಸತ್ತಿರಬೇಕು. ಶರಣಪ್ಪ ಮಠದ ಅಯ್ಯನವರನ್ನು ಕೇಳಿದ್ದನಂತೆ. ಮನೆಯ ಹಿರಿಯಾಕೆ, ನನ್ನ ಮಗ ಇನ್ನಿಲ್ಲ ಎಂದು ಒಂದು ಮಾತು ಅಂದರೆ ಸಾಕು, ಮುಂದಿನದಕ್ಕೆ ಅಡ್ಡಿಯಿಲ್ಲ ಅಂದರಂತೆ ಅಯ್ಯನವರು.

ನಾನು ಬೀಸುವುದು ನಿಲ್ಲಿಸಿ ಅವಳ ಮುಖ ನೋಡಿದೆ. ನಾಚಿಕೊಂಡಿದ್ದಳೋ ಹೆದರಿದ್ದಳೋ ತಿಳಿಯಲಿಲ್ಲ. ಕಲ್ಲಿಗೆ ಜೋಳ ಹಾಕುತ್ತ ಮೆಲ್ಲಗೆ ಅಂದಳು:

“ಸತ್ತಾನ ಅಂತ ನಾ ಹ್ಯಾಂಗ ಅನ್ನಲಿ ತಂಗಿ, ಆ ಬಾಯಾಗ ಹುಳ ಬೀಳಲಿ. ಖರೆ ಬದುಕ್ಯಾನ ಅಂತ ಯಾರರೆ ಒಂದು ಕಾಗದ ತೋರಿಸ್ಲಿ, ಮುದುಕಿ ಆಗೋತನಕ ಕುಂದರ್ತೀನಿ. ಎರಡೂ ಇಲ್ಲಂದ್ರ ನಾ ಎಲ್ಲಿ ಕುಂದರಬೇಕು?”

ಆ ದಿನಗಳಿಂದ ಮಧ್ಯಾಹ್ನ ಅತ್ತೆ ಮಲಗಿದಾಗ ಅವಳು ಟ್ರಂಕು ತೆಗೆದು ಕಣಗಳ ತುಂಡು ಕೂಡಿಸಿ ಏನೋ ಹೊಲಿಯುತ್ತಿದ್ದಳು. ಕೂಸಿನ ಕುಲಾಯಿ. ಕಿವಿ ಮುಚ್ಚುವ ಟೊಪ್ಪಿಗೆ, ಗದ್ದಕ್ಕೆ ಕಟ್ಟುವ ಲಾಡಿ. ಆಗ ನಾನೂ ಬಸುರಿಯಾದೆ. ನನ್ನ ಕೂಸಿಗೆ ಎಂದುಕೊಂಡು ಹಿಗ್ಗಿದೆ. ಅಳತೆ ನೋಡಿದರೆ ಎರಡು ವರ್ಷದ ತಲೆಗೆ ಆಗುವಂಥದ್ದು. ನಾನು ಏನೂ ಕೇಳಲಿಲ್ಲ, ಅವಳು ಏನೂ ಹೇಳಲಿಲ್ಲ.

ಈಗ ಒಂದು ಗಡಿಗೆಯ ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲದ್ದರಿಂದಲೇ ಇಷ್ಟು ಸುತ್ತು ಹಾಕಿದೆ ಎಂದು ನಿಮಗೂ ತಿಳಿದಿರಬಹುದು. ಒಳಕೋಣೆಯಲ್ಲಿ ಒಂದರ ಮೇಲೊಂದು ಇಟ್ಟ ಗಡಿಗೆಗಳಲ್ಲಿ ಒಂದು ಉಡಿಯ ಗಡಿಗೆ. ಉಡಿ ತುಂಬುವ ಗೋಧಿ, ಕೊಬ್ಬರಿ ಅದರಲ್ಲೇ. ಅದಕ್ಕೆ ಅತ್ತೆಯೊಬ್ಬಳೇ ಕೈ ಹಾಕುವಳು. ಪುಷ್ಯ ಮಾಸದಲ್ಲಿ ಒಂದು ದಿನ ತೆಂಗಳಿಯಿಂದ ದೂರದ ಬೀಗಿತಿಯೊಬ್ಬಳು ಬಂದು, ಗಾಡಿ ಹೊರಟಿತು ಎಂದು ನಿಂತ ಕಾಲಲ್ಲೇ ಹೊರಟಳು. ಅತ್ತೆ ಮಠಕ್ಕೆ ಹೋಗಿದ್ದಳು, ನೀಲಮ್ಮಕ್ಕ ಹೊಳೆಗೆ. ಬಂದವಳನ್ನು ಬರಿಯ ಉಡಿಯಲ್ಲಿ ಕಳಿಸಿದರೆ ಅತ್ತೆ ಏನೆಂದಾಳು? ನಾನೇ ಗಡಿಗೆ ಇಳಿಸಿ ಕೈ ಹಾಕಿದೆ. ಗೋಧಿ ತಳಕ್ಕೆ ಬಂದಿತ್ತು. ಮೊಳಕೈವರೆಗೆ ಇಳಿಸಿ ಬಾಚಿದಾಗ ಬೆರಳಿಗೆ ಬಟ್ಟೆಯ ಗಂಟೊಂದು ಸಿಕ್ಕಿತು. ಬೀಗಿತಿಯ ಉಡಿ ತುಂಬಿ, ಅವಳನ್ನು ಗಾಡಿ ಹತ್ತಿಸಿ, ಒಳಗೆ ಬಂದು ಬಿಚ್ಚಿದೆ. ಬೆಳ್ಳಿಯ ಉಡುದಾರ. ಗಂಡಸು ಸೊಂಟಕ್ಕೆ ಕಟ್ಟುವಂಥದ್ದು, ಕೊಂಡಿಯ ಹತ್ತಿರ ಎರಡು ಗುಂಡು. ನಡುವೆ ಕತ್ತರಿಸಿತ್ತು.

ನಮ್ಮಲ್ಲಿ ಗಂಡಸಿನ ಉಡುದಾರವನ್ನು ಕತ್ತರಿಸುವುದು ಒಂದೇ ಸಲ, ಮಣ್ಣಿಗಿಡುವ ಮೊದಲು.

ಗಂಟು ಕಟ್ಟುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಕೂಗಾಡುತ್ತಾಳೆ ಅಂದುಕೊಂಡೆ. ಅವಳು ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಉಡುದಾರ ತೆಗೆದುಕೊಂಡು ಆ ಎರಡು ಗುಂಡನ್ನು ಹೆಬ್ಬೆರಳಿಂದ ಉಜ್ಜಿದಳು. ಸೇಡಂನ ಪತ್ತಾರನಿಂದ ತಾನೇ ಮಾಡಿಸಿದ್ದು ಅಂದಳು. ಗದ್ದಲ ಮುಗಿದ ಎರಡು ತಿಂಗಳಿಗೆ, ಭಾವನ ಜೊತೆ ಹೋಗಿದ್ದವನೊಬ್ಬ, ವಾಡಿ ಸ್ಟೇಷನ್ನಿನಲ್ಲಿ ಹಮಾಲಿ ಮಾಡುವವನು, ಅವಳೊಬ್ಬಳೇ ಇದ್ದಾಗ ಬಂದು ಕೊಟ್ಟು ಹೋದನಂತೆ. ಸೊಲ್ಲಾಪುರದ ಆಚೆ ಗಡಿ ದಾಟಿದವರು ಬೀಡುಬಿಟ್ಟಿದ್ದ ಒಂದು ಛಾವಣಿಯಲ್ಲಿ ವಾಂತಿಭೇದಿ ಬಂದು, ಎರಡನೆಯ ದಿನಕ್ಕೆ ಮುಗಿಯಿತಂತೆ. ಯಾರಿಗೂ ಹೇಳಕೂಡದೆಂದು ಅವನ ಕೈ ಹಿಡಿದು ಆಣೆ ಹಾಕಿಸಿಕೊಂಡಳಂತೆ. ಅವನು ಆಮೇಲೆ ಮುಂಬಯಿಗೆ ಹೋದನಂತೆ. ಇದನ್ನೆಲ್ಲ ಬೇರೆ ಯಾರದ್ದೋ ಮನೆಯ ಸುದ್ದಿಯಂತೆ ಹೇಳಿದಳು. ನಂತರ ಉಡುದಾರವನ್ನು ಮತ್ತೆ ಗೋಧಿಯೊಳಗೆ ಇಳಿಸಿದಳು.

“ಕಾಳಿನ್ಯಾಗ ಇಟ್ಟದ್ದು ಕೆಡಂಗಿಲ್ಲ, ಸಣ್ಣಾಕಿ,” ಅಂದಳು. “ಆಕಿ ಉಡಿ ತುಂಬೋತನಕ ನನ್ನ ಮಗ ಇದ್ದಂಗ. ಬಿಟ್ಟೆನಂದ್ರ ನಾನೇ ಮಣ್ಣ ಕೊಟ್ಟಂಗ.”

ನಾನು ಬಾಯಿ ತೆರೆದೆ. ನೀಲಮ್ಮಕ್ಕನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು. ಸುಗ್ಗಿ ಆದ ಮೇಲೆ ನಿನ್ನ ಕುಬಸ ಇದೆ, ತುಂಬಿದ ಮನೆಯಲ್ಲಿ ಆಗಬೇಕೋ, ಸಾವು ಸಾರಿದ ಮನೆಯಲ್ಲಿ ಆಗಬೇಕೋ, ನೋಡು ಅಂದಳು. ಬೆದರಿಕೆಯಂತೆ ಅಲ್ಲ, ಬೇಡಿಕೊಳ್ಳುವಂತೆ. ನಾನು ಬಾಯಿ ಮುಚ್ಚಿದೆ. ಆ ಮುದುಕಿಯ ಮೇಲಿನ ಮರುಕಕ್ಕೆ ಮುಚ್ಚಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಇತ್ತು. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂಡುವ ಆಸೆಯೂ ಇತ್ತು. ಇನ್ನೂ ಒಂದು ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಬೀಸುವುದು, ಹೊಳೆಯ ನೀರು, ಹೊಲಕ್ಕೆ ಬುತ್ತಿ, ನನ್ನ ಪಾಲಿನದೆಲ್ಲವನ್ನೂ ಆಗ ನಾನು ಬಸುರಿ ಎಂದು ನೀಲಮ್ಮಕ್ಕನೇ ಮಾಡುತ್ತಿದ್ದಳು. ಅವಳು ಉಡಿಕೆಯಾಗಿ ಹೋದರೆ ಅದೆಲ್ಲ ಯಾರ ಮೇಲೆ ಬೀಳುತ್ತದೆ ಎಂಬ ಲೆಕ್ಕ ಆ ಕ್ಷಣದಲ್ಲೂ ನನ್ನ ತಲೆಯಲ್ಲಿ ಸುಳಿದಿತ್ತು. ನಮ್ಮವರಿಗೂ ಹೇಳಲಿಲ್ಲ. ಅವರು ಮಾಸ್ತರರು, ಸತ್ಯಕ್ಕೆ ಹೆಚ್ಚು ಬೆಲೆ ಕೊಡುವವರು. ಹೇಳಿದ್ದರೆ ಅಂದೇ ಎಲ್ಲ ಹೊರಗೆ ಬರುತ್ತಿತ್ತು. ಅದಕ್ಕೇ ಹೇಳಲಿಲ್ಲ.

ತೊಗರಿಯ ರಾಶಿಯಾದ ಮೇಲೆ ಒಂದು ಸೋಮವಾರ ಶರಣಪ್ಪ ಬಂದ. ಜೊತೆಗೆ ಬಿಳಿ ರುಮಾಲಿನ ಹಿರಿಯನೊಬ್ಬ, ಹುಡುಗನ ಸೋದರಮಾವ. ಹುಡುಗನನ್ನು ಊರ ಅಗಸಿ ಬಾಗಿಲ ಕಟ್ಟೆಯ ಮೇಲೆಯೇ ಕೂಡಿಸಿ ಬಂದಿದ್ದರು. ನೀಲಮ್ಮಕ್ಕ ಆ ಹೊತ್ತಿಗೆ ನೀರು ತರುತ್ತಿದ್ದಳಾದ್ದರಿಂದ ಅವನನ್ನು ದಾಟಿಕೊಂಡೇ ಬಂದಿದ್ದಳು. ಕೊಡ ಇಳಿಸಿ ನನ್ನ ಕಿವಿಯ ಹತ್ತಿರ ಬಾಗಿದಳು.

“ಕಾಲ ಮ್ಯಾಲ ಕಲ್ಲಿನ ಧೂಳು ಹಂಗೇ ಅದ. ಹೆಣ್ಣ ಕೇಳಾಕ ಬಂದಾವ ಕಾಲರೆ ತೊಳಕೊಂಡು ಬರಬಾರದೇನು?” ಅಂದಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಎರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಶರಣಪ್ಪ ನೇರ ಮಾತಿನವನಲ್ಲ. ಪಡಸಾಲೆಯಲ್ಲಿ ಕೂತು ಖಣಿಯ ಮಾತು ತೆಗೆದ. ಹೋದ ಮಳೆಗಾಲದಲ್ಲಿ ಖಣಿ ತುಂಬಿಬಿಟ್ಟಿತು, ತಿಂಗಳುಗಟ್ಟಲೆ ಕೆಲಸವಿಲ್ಲ, ನಿಮ್ಮ ಹೊಳೆ ತುಂಬಿದರೆ ನಿಮಗೆ ಹಿಗ್ಗು, ನಮ್ಮ ಖಣಿ ತುಂಬಿದರೆ ನಮಗೆ ಉಪವಾಸ ಅಂದ. ಹಾಗೇ ಮೆಲ್ಲಗೆ, ಭಾವ ಹೋಗಿಯೂ ಇಷ್ಟು ವರ್ಷವಾಯಿತು, ಒಂದು ಕಾಗದವಿಲ್ಲ, ಅಯ್ಯನವರನ್ನೂ ಕೇಳಿದೆ ಎಂದು ಮಾತಿನ ದಾರಿ ಹಿಡಿದ. ನಮ್ಮವರು ಅಂದು ಚಿತ್ತಾಪುರಕ್ಕೆ ಹೋಗಿದ್ದರು. ಅತ್ತೆ ಅವನ ಮಾತಿನ ನಡುವೆಯೇ ಎದ್ದು, ಮೊದಲು ಉಣ್ಣಿರಿ, ಹೊಟ್ಟೆ ತುಂಬಿದ ಮೇಲೆ ಮಾತು ಅಂದಳು. ಇಬ್ಬರಿಗೂ ಹೋಳಿಗೆ ಬಡಿಸಿದಳು. ಒತ್ತಿ ಒತ್ತಿ ತುಪ್ಪ ಹಾಕಿದಳು. ನೀಲಮ್ಮಕ್ಕ ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ನಾನು ಅವಳ ಬೆನ್ನಿಗಿದ್ದೆ.

ಅವರು ಕೈ ತೊಳೆದು ಕೂತರು. ಹಿರಿಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಗಂಟಲು ಸರಿಮಾಡಿಕೊಂಡ. ಅವನು ಮಾತು ಆಡುವ ಮೊದಲೇ ಅತ್ತೆ ಪಡಸಾಲೆಯ ನಡುವೆ ಮಣೆ ಹಾಕಿದಳು.

“ದೊಡ್ಡಾಕಿ, ಬಾ, ಕುಂದ್ರು. ಸಣ್ಣಾಕಿ, ಮರದಾಗ ಗೋದಿ ತಗೊಂಡು ಬಾ,” ಅಂದಳು.

ಒಳಕೋಣೆಗೆ ಹೋಗಿ ಆ ಗಡಿಗೆ ಇಳಿಸಿದೆ. ಗೋಧಿ ಈಗ ಮೇಲಿನವರೆಗೆ ಇತ್ತು. ಮೊರಕ್ಕೆ ಸುರಿದೆ. ಮೊರ ಹಿಡಿದು ಪಡಸಾಲೆಗೆ ಬರಲು ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಎಲ್ಲಿಯಾದರೂ ನಿಂತು, ಅತ್ತೀ, ಇದರೊಳಗೆ ಇನ್ನೊಂದು ಇತ್ತಲ್ಲ, ಅದನ್ನೂ ತರಲೇ ಅಂದಿದ್ದರೆ ಸಾಕಿತ್ತು. ಅಣ್ಣ ಇದ್ದ, ಹಿರಿಯ ಇದ್ದ, ಮಾತು ಆಗಿಹೋಗುತ್ತಿತ್ತು. ನಾನು ಮೊರವನ್ನು ಅತ್ತೆಯ ಕೈಗೆ ಕೊಟ್ಟೆ.

ಅತ್ತೆ ಕುಂಕುಮ ಹಚ್ಚಿದಳು. ಐದು ಬೊಗಸೆ ಸುರಿದಳು, ಒಂದೊಂದನ್ನೂ ನಿಧಾನವಾಗಿ, ಎಲ್ಲರೂ ಎಣಿಸಲಿ ಎಂಬಂತೆ. ಕೊಬ್ಬರಿ ಇಟ್ಟಳು, ಅರಿಶಿನ ಇಟ್ಟಳು, ಕಣ ಇಟ್ಟಳು. ನಂತರ ಶರಣಪ್ಪನ ಕಡೆ ತಿರುಗಿ, ಸೊಸೆಯ ಅಣ್ಣ ಬಂದಿದ್ದಾನೆಂದು ತುಂಬಿದೆ, ಬೇರೇನಿಲ್ಲ ಅಂದಳು. ಹಿರಿಯ ರುಮಾಲನ್ನು ಮತ್ತೆ ತಲೆಗೆ ಸುತ್ತಿಕೊಂಡ.

“ತುಂಬಿದ ಉಡಿ ಮುಂದ ನಾವೇನು ಕೇಳೋದು. ಬರ್ತೀವ್ರಿ ಯವ್ವ,” ಎಂದು ಎದ್ದ.

ಅವನು ತಪ್ಪು ಮಾಡಲಿಲ್ಲ. ಮುತ್ತೈದೆಯನ್ನು ಉಡಿಕೆಗೆ ಕೇಳುವುದು ಅವಳ ಗಂಡನ ಸಾವನ್ನು ಹಾರೈಸಿದಂತೆ, ಯಾವ ಮರ್ಯಾದಸ್ಥನೂ ಕೇಳಲಾರ. ಶರಣಪ್ಪ ತಂಗಿಯ ಮುಖ ನೋಡದೆ ಚಪ್ಪಲಿ ಮೆಟ್ಟಿದ. ನೀಲಮ್ಮಕ್ಕ ಮಣೆಯ ಮೇಲೆ ಹಾಗೇ ಕೂತಿದ್ದಳು. ಎರಡೂ ಕೈಯಲ್ಲಿ ಉಡಿ ಹಿಡಿದಿದ್ದಳು. ತುಂಬಿದ ಉಡಿಯವಳು ಓಡಲಾರಳು, ಅಣ್ಣನ ಕಾಲು ಹಿಡಿದು ನಿಲ್ಲಿಸಲಾರಳು, ಕಣ್ಣು ಕೂಡ ಒರೆಸಿಕೊಳ್ಳಲಾರಳು. ಕೈ ಬಿಟ್ಟರೆ ಕಾಳು ಚೆಲ್ಲುತ್ತದೆ, ಚೆಲ್ಲಿದರೆ ಗಂಡನಿಗೆ ಕೇಡು. ಇಲ್ಲದ ಗಂಡನಿಗೆ ಕೇಡಾಗದಿರಲೆಂದು ಅವಳು ಒಂದು ಕಾಳೂ ಬೀಳಿಸದೆ ಕೂತಿದ್ದಳು. ಅದು ಗೊತ್ತಿದ್ದವರು ಆ ಮನೆಯಲ್ಲಿ ಇಬ್ಬರು. ಒಬ್ಬಳು ಅವನ ತಾಯಿ. ಇನ್ನೊಬ್ಬಳು ಬರಿದಾದ ಮೊರ ಹಿಡಿದು ನಿಂತಿದ್ದಳು.

ಮುಂದಿನ ತಿಂಗಳು ನನ್ನ ಕುಬಸವಾಯಿತು. ಮನೆ ತುಂಬ ಮಂದಿ. ಐದು ಮುತ್ತೈದೆಯರಲ್ಲಿ ನೀಲಮ್ಮಕ್ಕ ಮೊದಲಿನವಳು. ಅವಳ ಕೈಯಿಂದ ನನ್ನ ಉಡಿಗೆ ಬಿದ್ದ ಗೋಧಿಯ ಭಾರ ಈಗಲೂ ಹೊಟ್ಟೆಯ ಮೇಲೆ ಗೊತ್ತಾಗುತ್ತದೆ. ನನಗೆ ಮಗಳು ಹುಟ್ಟಿದಳು. ಎರಡು ವರ್ಷವಾದಾಗ ನೀಲಮ್ಮಕ್ಕ ಟ್ರಂಕಿನಿಂದ ಆ ಕುಲಾಯಿ ತೆಗೆದು ಅವಳ ತಲೆಗೆ ಹಾಕಿ ಲಾಡಿ ಕಟ್ಟಿದಳು. ಸರಿಯಾಗಿ ಕೂತಿತು. ಶಹಾಬಾದದವನು ಆ ಹೊತ್ತಿಗೆ ಬೇರೆ ಕಡೆ ಉಡಿಕೆ ಮಾಡಿಕೊಂಡಿದ್ದ. ಆ ಸುದ್ದಿ ಹೇಳಿದವಳೂ ಅವಳೇ, ಕಾಲು ತೊಳೆದುಕೊಂಡು ಹೋಗಿದ್ದನೋ ಏನೋ ಎಂದು. ಆ ಸಲ ಸೆರಗು ಬಾಯಿಗೆ ಹೋಗಲಿಲ್ಲ.

ಅತ್ತೆ ತೀರಿಕೊಂಡದ್ದು ಹೈದರಾಬಾದ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದ ವರ್ಷ. ಕೊನೆಯ ಗಳಿಗೆಯಲ್ಲೂ ಹೇಳಲಿಲ್ಲ. ಮಣ್ಣು ಕೊಟ್ಟು ಬಂದ ಮೂರನೆಯ ದಿನ ಮನೆ ಸಾರಿಸಲು ಗಡಿಗೆಗಳನ್ನು ಇಳಿಸಿದೆವು. ಉಡಿಯ ಗಡಿಗೆಗೆ ನೀಲಮ್ಮಕ್ಕ ಕೈ ಹಾಕಿದ ಕೂಡಲೇ, ಅದನ್ನು ನಾನು ಇಳಿಸುತ್ತೇನೆ ಎಂದು ಓಡಿದೆ. ಅಷ್ಟು ಅವಸರ ಸಾಕಾಯಿತು. ಅವಳು ನನ್ನ ಮುಖ ನೋಡಿದಳು, ಗಡಿಗೆ ಕೆಳಗಿಟ್ಟಳು, ಭುಜದವರೆಗೆ ಕೈ ಇಳಿಸಿ ಗಂಟು ತೆಗೆದಳು. ಬಿಚ್ಚಿದಳು. ಆ ಎರಡು ಗುಂಡನ್ನು ಅತ್ತೆಯಂತೆಯೇ ಹೆಬ್ಬೆರಳಿಂದ ಉಜ್ಜಿದಳು.

“ನಿನಗ ಗೊತ್ತಿತ್ತು,” ಅಂದಳು.

ನಾನು ತಲೆ ಆಡಿಸಿದೆ.

“ಯಾವಾಗಿಂದ? ನಮ್ಮಣ್ಣ ಬಂದು ಹೋದ ಮ್ಯಾಲ?”

ಕೇಳಿದ್ದೂ ಅವಳೇ, ಉತ್ತರ ಕೊಟ್ಟದ್ದೂ ಅವಳೇ. ಜೋಳದ ಹಿಟ್ಟಿನ ದಿನ ಹಿತ್ತಿಲ ಬಾಗಿಲಿಂದ ಹೋಗಿ ನನ್ನ ಮಾನ ಉಳಿಸಿದವಳು, ಈಗಲೂ ನನಗೊಂದು ಹಿತ್ತಿಲ ಬಾಗಿಲು ತೆರೆದು ಹಿಡಿದಿದ್ದಳು. ನಾನು ಅದರಿಂದ ಹೊರಗೆ ಹೋದೆ.

“ಹೂಂ ಅಕ್ಕ. ಆಮ್ಯಾಲ.”

“ಹಂಗಾದ್ರ ನೀ ಏನು ಮಾಡಾಕಿ ಇದ್ದಿ, ಬಿಡು,” ಅಂದಳು.

ಬಳೆ ಒಡೆದುಕೊಳ್ಳಲಿಲ್ಲ. ಒಂದೊಂದಾಗಿ ತೆಗೆದು ನನ್ನ ಮಗಳ ಕೈಗೆ ಏರಿಸಿ ನೋಡಿದಳು. ದೊಡ್ಡವಾದವು, ಜಾರಿ ಬಿದ್ದವು. ಮಗಳಿಗೆ ಅದೊಂದು ಆಟವಾಯಿತು. ಆ ತಿಂಗಳೇ ನೀಲಮ್ಮಕ್ಕ ಶಹಾಬಾದಕ್ಕೆ, ಅಣ್ಣನ ಮನೆಗೆ ಹೋದಳು. ಹೊರಡುವಾಗ ಅವಳ ಉಡಿ ತುಂಬಲು ಮನೆಯ ಹಿರಿಯಾಕೆ ನಾನೇ ಆಗಿದ್ದೆ. ತುಂಬಲಿಲ್ಲ. ಊರು ನೋಡುತ್ತಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈ ಬೀಸಿಕೊಂಡು ಅಗಸಿ ದಾಟಿ ಹೋದಳು. ಬೇರೆ ಯಾರೂ ಅವಳನ್ನು ಕೇಳಲು ಬರಲಿಲ್ಲ.

ನೀಲಮ್ಮಕ್ಕ ಇನ್ನೂ ಇದ್ದಾಳೆ. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತೇನೆ. ಬಂತು ನೋಡು ತೆಲುಗರ ಹಿಟ್ಟಿನ ಡಬ್ಬಿ ಎಂದು ಇಂದಿಗೂ ಚುಡಾಯಿಸುತ್ತಾಳೆ, ಅಣ್ಣನ ಮೊಮ್ಮಕ್ಕಳಿಗೆಲ್ಲ ಆ ಕಥೆ ಗೊತ್ತು. ಪ್ರತಿ ಸಲ ಹೇಳಬೇಕೆಂದೇ ಹೋಗುತ್ತೇನೆ. ಪ್ರತಿ ಸಲ ಚಹಾ ಕುಡಿದು ಬರುತ್ತೇನೆ. ಅವಳು ನನ್ನನ್ನು ಕ್ಷಮಿಸಿದ್ದು ನಾನು ಮಾಡದ ಒಂದು ತಪ್ಪಿಗೆ, ಮಾಡಿದ್ದು ಹಾಗೇ ಉಳಿದಿದೆ. ಹೋದ ವಾರದಿಂದ ಇದನ್ನು ಬರೆಯುತ್ತಿದ್ದೇನೆ. ಇಷ್ಟು ವರ್ಷ ಬಾರದ ಧೈರ್ಯ ಈಗ ಹೇಗೆ ಬಂತು ಎಂದು ನನಗೇ ಆಶ್ಚರ್ಯವಾಗಿತ್ತು. ಈ ಸಾಲಿಗೆ ಬಂದ ಮೇಲೆ ಗೊತ್ತಾಯಿತು. ನೀಲಮ್ಮಕ್ಕನಿಗೆ ಓದಲು ಬರುವುದಿಲ್ಲ.

ಶರಣಪ್ಪನ ಮೊಮ್ಮಗಳೊಬ್ಬಳು ಕಾಲೇಜಿಗೆ ಹೋಗುತ್ತಾಳೆ, ಇಂಥದ್ದನ್ನೆಲ್ಲ ಓದುತ್ತಾಳಂತೆ. ಮಗಳೇ, ಇದು ನಿನ್ನ ಕೈಗೆ ಬಂದರೆ ಅಜ್ಜಿಯ ಪಕ್ಕ ಕೂತು ಓದಿ ಹೇಳು. ನನ್ನ ಸುತ್ತು ಮಾತೆಲ್ಲ ಬಿಟ್ಟರೂ ನಡೆದೀತು. ನಿಮ್ಮಣ್ಣ ಬರುವ ಮೊದಲೇ ಸಣ್ಣಾಕಿಗೆ ಗೊತ್ತಿತ್ತಂತೆ ಅನ್ನುವುದೊಂದನ್ನು ಬಿಡಬೇಡ. ಅವಳಿಗೆ ಕಿವಿ ಮಂದ. ಜೋರಾಗಿ ಓದು, ಎರಡು ಸಲ.